ಅವ್ವನ ಹಿಂದಿನ ಗೋಡೆ

ನನ್ನ ಬಲಗೈ ಮಣಿಕಟ್ಟಿನಲ್ಲಿ, ಮೌಸ್ ಹಿಡಿದಾಗ ಮೇಜಿಗೆ ಒತ್ತುವ ಕಡೆ, ಒಂದು ಜಡ್ಡು ಬಿದ್ದಿದೆ. ನೇಗಿಲು ಹಿಡಿದ ನಮ್ಮಪ್ಪನ ಅಂಗೈಯಲ್ಲೂ ಜಡ್ಡಿತ್ತು. ಅದನ್ನು ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವುದರಲ್ಲಿ ಅವನಿಗೊಂದು ಗತ್ತೂ ಇತ್ತು. ಕುರ್ಚಿ ಬಿಟ್ಟು ಏಳದೆ ಜಡ್ಡು ಗಳಿಸಿದ ನಾನು ಇದನ್ನು ಯಾರಿಗೆ ತೋರಿಸಲಿ? ನೀವು ಸ್ನೇಹಿತರು, ನಕ್ಕರೂ ಒಳಗೊಳಗೇ ನಗುತ್ತೀರಿ ಎಂಬ ಧೈರ್ಯದಿಂದ ಹೇಳಿಕೊಳ್ಳುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೊ ಇದೆ. ಹೆಸರಿಗೆ ಸ್ಟುಡಿಯೊ, ಈಗ ಫೋಟೋ ತೆಗೆಸಿಕೊಳ್ಳಲು ಬರುವವರು ಅಪರೂಪ, ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ನನ್ನ ಹತ್ತಿರ ಬರುವವರಿಗೆಲ್ಲ ಬೇಕಾದದ್ದು ತಾವು ನಿಂತ ಜಾಗ ಬಿಟ್ಟು ಬೇರೊಂದು ಜಾಗ. ಹಡಗಲಿಯ ನವದಂಪತಿಗೆ ನೀಲಿ ಸರೋವರ, ಕೊಟ್ಟೂರಿನ ಕೂಸಿಗೆ ಮೋಡದ ತೊಟ್ಟಿಲು, ಚುನಾವಣೆಗೆ ನಿಂತವರಿಗೆ ಬಿಳಿ ಪಾರಿವಾಳಗಳು, ತೀರಿಹೋದವರಿಗೆ ಕೈಲಾಸ. ಮನುಷ್ಯನನ್ನು ಅವನ ಹಿನ್ನೆಲೆಯಿಂದ ಕತ್ತರಿಸಿ ತೆಗೆದು, ಇನ್ನೊಂದರ ಮೇಲಿಟ್ಟು, ಅಂಚಿನಲ್ಲಿ ಕತ್ತರಿಯ ಗುರುತು ಕಾಣದಂತೆ ಬೆರೆಸುವುದು ನನ್ನ ಕಸುಬು. ಕೂದಲಿನ ಅಂಚೇ ಎಲ್ಲಕ್ಕಿಂತ ಕಷ್ಟ. ಒಂದೊಂದು ಎಳೆಯನ್ನೂ ಬಿಡಿಸಿ ಬಿಡಿಸಿ, ಈಗ ಮನೆಯಲ್ಲಿ ಹೆಂಡತಿ ತಲೆ ಬಾಚಿಕೊಳ್ಳುವಾಗಲೂ ನನ್ನ ಕಣ್ಣು ಅಂಚನ್ನೇ ಹುಡುಕುತ್ತದೆ.

ಇದರಲ್ಲೊಂದು ವಿಚಿತ್ರವಿದೆ, ಕೇಳಿ. ಯಾರನ್ನೇ ಕತ್ತರಿಸಿ ತೆಗೆಯಿರಿ, ಅವರು ನಿಂತಿದ್ದ ಜಾಗದ ಬಣ್ಣ ಅವರ ಅಂಚಿಗೆ ಅಂಟಿಕೊಂಡೇ ಬರುತ್ತದೆ. ಸಜ್ಜೆ ಹೊಲದಲ್ಲಿ ನಿಂತವನ ಬಿಳಿ ಅಂಗಿಯ ಮಗ್ಗುಲಿಗೆ ತೆಳುವಾದ ಹಸಿರು, ಕೆಮ್ಮಣ್ಣಿನ ಗೋಡೆಗೆ ಒರಗಿದವಳ ಕೆನ್ನೆಗೆ ಕೆಂಪು. ಸರೋವರದ ಮುಂದೆ ನಿಲ್ಲಿಸಿದಾಗ ಅದು ಮೈಲಿಗೆಯಂತೆ ಎದ್ದು ಕಾಣುವುದರಿಂದ ಉಜ್ಜಿ ಉಜ್ಜಿ ತೆಗೆಯುತ್ತೇನೆ. ಇಷ್ಟು ವರ್ಷ ಈ ಸೀಮೆಯ ಜನರ ಮೈಮೇಲಿಂದ ಈ ಸೀಮೆಯ ಬಣ್ಣವನ್ನು ತೊಳೆದದ್ದೇ ನನ್ನ ಸಂಪಾದನೆ ಎನಿಸಿದಾಗ, ನಿಜ ಹೇಳುತ್ತೇನೆ, ಕೈ ಸೋಲುತ್ತದೆ. ದುಡಿದು ಬಂದ ದಣಿವಾದರೆ ಉಂಡು ಮಲಗಿದರೆ ಹೋಗುತ್ತದೆ. ಇದು ಹೋಗುವುದಿಲ್ಲ.

ಮೊನ್ನೆ ಮೊನ್ನೆಯವರೆಗೆ ಈ ಬೇಸರಕ್ಕೆ ಹೆಸರಿರಲಿಲ್ಲ. ತಂಬ್ರಹಳ್ಳಿಯ ಕೊಟ್ರೇಶ ತೀರಿಹೋದ ತಾಯಿಯ ಶಿವಗಣಾರಾಧನೆಗೆಂದು ಒಂದು ಫೋಟೋ ಮಾಡಿಸಿಕೊಂಡು ಹೋದ. ಮೊಬೈಲಿನಲ್ಲಿ ಅವನು ಕಳಿಸಿದ್ದ ಚಿತ್ರದಲ್ಲಿ ಮುದುಕಿ ತನ್ನ ಮನೆಯ ಕೆಮ್ಮಣ್ಣಿನ ಗೋಡೆಯ ಮುಂದೆ ಬರಿಗಾಲಲ್ಲಿ, ಸೆರಗು ಹೊದ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ನಾನು ಎಂದಿನಂತೆ ಕತ್ತರಿಸಿದೆ, ಕೆಂಪನ್ನು ಉಜ್ಜಿದೆ, ಹಿಮದ ಬೆಟ್ಟ ಇಟ್ಟೆ, ಹಿಂದೊಂದು ಪ್ರಭಾವಳಿ ಹಾಕಿದೆ. ಹಳೆಯ ಕಂಪ್ಯೂಟರಿಗೂ ಮೊಬೈಲಿಗೂ ಭಾರವಾಗಬಾರದೆಂದು ಕೆಲಸ ಮುಗಿದೊಡನೆ ಗಿರಾಕಿಯ ಮೂಲ ಚಿತ್ರವನ್ನೂ ಅದರ ಹಿನ್ನೆಲೆಯನ್ನೂ ಅಳಿಸುವುದು ನನ್ನ ರೂಢಿ, ಅದನ್ನೂ ಮಾಡಿದೆ. ಕೊಟ್ರೇಶ ಕಟ್ಟು ಹಾಕಿಸಿದ ಕೈಲಾಸವನ್ನು ಎದೆಗವಚಿಕೊಂಡು ಸಂತೋಷದಿಂದಲೇ ಹೋದ.

ಆರಾಧನೆ ಮುಗಿದ ಮೂರನೆಯ ದಿನ, ಮಾಗಳಕ್ಕೆ ಕೊಟ್ಟಿರುವ ಅವನ ತಂಗಿ ಶಾಂತಮ್ಮ ಅದೇ ಫೋಟೋ ಹಿಡಿದು ಬಂದಳು. ಕೂಗಾಡಲಿಲ್ಲ. ಮೇಜಿನ ಮೇಲಿಟ್ಟು ಕೇಳಿದಳು: "ಅಣ್ಣಾರ, ಚಂದ ಮಾಡೀರಿ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮವ್ವಗ ಥಂಡಿ ಅಂದ್ರ ಆಗ್ತಿರಲಿಲ್ಲ. ಬರಿಗಾಲಾಗ ಮಂಜಿನ್ಯಾಗ ನಿಂದರ್ಸೀರಲ್ರಿ. ಹಿಂದಿನ ಗ್ವಾಡಿ ಎಲ್ಲಿ ಹೋತು?"

ಪೂಜೆಗಿಡುವ ಫೋಟೋಗೆ ಹಳೆಯ ಗೋಡೆ ಹೊಂದುವುದಿಲ್ಲ ಎಂದು ನನ್ನ ಸಿದ್ಧ ಉತ್ತರ ಕೊಟ್ಟೆ. ಅವಳು ತಲೆಯಾಡಿಸಿ ಕೇಳಿಸಿಕೊಂಡಳು.

"ಆ ಫೋಟೋ ನಾನ ತೆಗೆದದ್ದುರಿ, ಯುಗಾದಿಗೆ ಬಂದಾಗ. ಅವ್ವ ಆವತ್ತ ಗ್ವಾಡಿ ಸಾರಿಸಿ ಮುಗಿಸಿದ್ಲು, ಬೆರಳಿನ ಗುರ್ತು ಇನ್ನಾ ಹಸಿ ಇದ್ದವು. ಆಕಿಗೆ ಸಹಿ ಮಾಡಾಕ ಬರ್ತಿರಲಿಲ್ಲ, ಹೆಬ್ಬೆಟ್ಟು ಒತ್ತತಿದ್ಲು. ಆಕಿ ಕೈಲೆ ಬರದಿದ್ದು ಅಂದ್ರ ಅದೊಂದ ಗ್ವಾಡಿ. ಆಮ್ಯಾಲೆ ಅಣ್ಣ ಅದಕ್ಕ ಸಿಮೆಂಟ್ ಮಾಡಿಸಿದ. ನನ್ನ ಮೊಬೈಲೂ ಕೆಟ್ಟು ಹೋತು. ನಿಮ್ಮ ಹಂತ್ಯಾಕ ಐತೇನೋ ಅಂತ ಬಂದ್ನಿ."

ನನ್ನದನ್ನು ಅಳಿಸಿಯಾಗಿತ್ತು. ಅವಳಣ್ಣನ ಹತ್ತಿರವಾದರೂ ಉಳಿದಿದ್ದೀತೆಂದು ಕೊಟ್ರೇಶನಿಗೆ ಫೋನ್ ಮಾಡಿದೆ. "ನೀವು ಹೊಸಾದು ಮಾಡಿಕೊಟ್ರಲ್ಲ, ಮತ್ತ ಹಳೇದ್ಯಾಕ ಅಂತ ತೆಗದ ಬಿಟ್ಟೆ" ಎಂದ. ಅವನನ್ನು ಅನ್ನುವುದೇನಿದೆ? ಹೊಸದು ಒಳ್ಳೆಯದೆಂದು ಅವನಿಗೆ ಕಲಿಸಿದವನು ನಾನೇ. ಕಂಪ್ಯೂಟರಿನಲ್ಲಿ ಕತ್ತರಿಸಿಟ್ಟ ತಾಯಿ ಉಳಿದಿದ್ದಳು. ಗೋಡೆ ಮಾತ್ರ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಶಾಂತಮ್ಮನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಸೆರಗಿನಿಂದ ಕಟ್ಟಿನ ಗಾಜು ಒರೆಸಿ, "ಏನರ ಮಾಡಾಕ ಬರ್ತೈತೇನು ನೋಡ್ರಿ" ಎಂದಷ್ಟೇ ಹೇಳಿ ಬಸ್ಸಿಗೆ ಹೋದಳು.

ನನ್ನ ಸಂಗ್ರಹದಲ್ಲಿ ಗೋಡೆಗಳಿಗೆ ಬರವಿಲ್ಲ. ಬಿರುಕು ಬಿಟ್ಟವು, ಪಾಚಿ ಕಟ್ಟಿದವು, ಯಾವ ದೇಶದವೋ ಸುಣ್ಣ ಕಳಚಿದವು. ಒಂದೊಂದನ್ನೇ ಮುದುಕಿಯ ಹಿಂದೆ ನಿಲ್ಲಿಸಿ ನೋಡಿದೆ. ಯಾವುದರ ಮುಂದೆಯೂ ಅವಳು ನಿಲ್ಲಲೊಲ್ಲಳು. ಬಸ್ಸಿನಲ್ಲಿ ಅಪರಿಚಿತರ ಪಕ್ಕ ಸೀಟು ಸಿಕ್ಕ ಹೆಂಗಸಿನಂತೆ ಮುದುಡಿಕೊಂಡೇ ಇದ್ದಳು. ಕೈಬೆರಳಿನ ಗುರುತಿರುವ ಗೋಡೆ ಒಂದೂ ಇರಲಿಲ್ಲ. ಬೇರೆಯವರ ಊರಿನ ಶಿಥಿಲವನ್ನೆಲ್ಲ ಇಷ್ಟು ಜತನವಾಗಿ ಕೂಡಿಟ್ಟ ನಾನು ನಮ್ಮ ಮಗ್ಗುಲಿನ ಒಂದು ಮಣ್ಣಿನ ಗೋಡೆಯ ಚಿತ್ರವನ್ನೂ ತೆಗೆದಿಟ್ಟುಕೊಂಡಿರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಕ್ಯಾಮೆರಾ ಹಿಡಿದು ತಂಬ್ರಹಳ್ಳಿಗೆ ಹೋದೆ. ಮನೆಯ ಮುಂದಿನ ಗೋಡೆ ತಿಳಿಹಸಿರು ಬಣ್ಣ ಬಳಿದುಕೊಂಡು ನುಣ್ಣಗಿತ್ತು. ಕೊಟ್ರೇಶ ತಲೆ ಕೆರೆದುಕೊಂಡು ಹಿಂದಿನ ಕೊಟ್ಟಿಗೆಗೆ ಕರೆದೊಯ್ದ. ಮೂಲೆಯಲ್ಲಿ ಒಟ್ಟಿದ್ದ ಮೇವನ್ನು ಇಬ್ಬರೂ ಸರಿಸಿದಾಗ ಬಾಗಿಲಷ್ಟಗಲ ಕೆಮ್ಮಣ್ಣು ಕಂಡಿತು. ಅದರ ಮೇಲೆ ಸಾಲು ಸಾಲಾಗಿ ಬೆರಳಿನ ಕಮಾನುಗಳು. "ಇದಕ್ಕ ಸಿಮೆಂಟ್ ಹಚ್ಚಿಸಿಲ್ರಿ" ಎಂದು ಅವನು ತಪ್ಪೊಪ್ಪಿಕೊಂಡವನಂತೆ ಹೇಳಿದ. ನಾನು ಮಂಡಿಯೂರಿ ಹತ್ತಾರು ಚಿತ್ರ ತೆಗೆದೆ. ಎಷ್ಟೋ ದಿನಗಳ ಮೇಲೆ ಕಣ್ಣಿಗೆ ಒಂದು ಕೆಲಸ ಸಿಕ್ಕಂತಾಯಿತು.

ಆ ಚಿತ್ರ ಮಾಡಲು ಎರಡು ದಿನ ಹಿಡಿಯಿತು. ಗೋಡೆಯ ಒರಟು ತರಿ ಸೀರೆಯ ನೆರಳಿನಲ್ಲೂ ತೆಳುವಾಗಿ ಕಾಣುವಂತೆ ಮಾಡಿದೆ, ಪಾದದ ಕೆಳಗೆ ನೆರಳು ಕೂರಿಸಿದೆ. ಹಿಂದೆ ಉಜ್ಜಿ ತೆಗೆದಿದ್ದ ಕೆಂಪನ್ನು ಕೆನ್ನೆಗೂ ಸೆರಗಿಗೂ ಮತ್ತೆ ನಾನೇ ಹಚ್ಚಿದೆ. ತೊಳೆದದ್ದನ್ನು ತಿರುಗಿ ಅಂಟಿಸುವುದು ತೊಳೆಯುವುದಕ್ಕಿಂತ ಎಷ್ಟು ಕಷ್ಟವೆಂದು ಆಗಲೇ ಗೊತ್ತಾದದ್ದು. ಮುದುಕಿ ಕೊನೆಗೂ ಒಂದೆಡೆ ನಿಂತಳು.

ಶಾಂತಮ್ಮ ಬಂದು ತೆರೆಯ ಮುಂದೆ ಕೂತಳು. ಅವಳ ಬೆರಳು ಗಾಜಿಗೆ ತಾಗದಂತೆ ಆ ಕಮಾನುಗಳ ಮೇಲೆ ಗಾಳಿಯಲ್ಲೇ ಓಡಾಡಿತು, ಅರ್ಧಕ್ಕೆ ನಿಂತಿತು.

"ಇದು ಅವ್ವನ ಕೈ ಅಲ್ರಿ ಅಣ್ಣಾರ. ಅವ್ವಂದು ಬಲಗೈ. ಇವು ಆ ಕಡಿಗೆ ವಾಲ್ಯಾವ ನೋಡ್ರಿ. ಇದು ಎಡಗೈಯವರು ಸಾರಿಸಿದ್ದು. ಇದು ನಂದು."

ನನಗೆ ಕುತ್ತಿಗೆಯಿಂದ ಸೊಂಟದವರೆಗೆ ಒಮ್ಮೆಲೇ ಸುಸ್ತು ಇಳಿಯಿತು. ಆದರೂ ಕಸುಬು ಬಿಡಲಿಲ್ಲ. "ಅದಕ್ಕ ಚಿಂತಿ ಮಾಡಬ್ಯಾಡ ತಂಗಿ, ಒಂದು ಗುಂಡಿ ಒತ್ತಿದ್ರ ಗ್ವಾಡಿ ಹೊಳ್ಳತೈತಿ. ಎಡದ್ದು ಬಲ ಆಗ್ತೈತಿ. ನಿಮ್ಮವ್ವ ಸಾರಿಸಿದಂಗ ಕಾಣ್ತೈತಿ" ಎಂದು ಮೌಸಿನತ್ತ ಕೈ ಚಾಚಿದೆ.

ಅವಳು ನನ್ನ ಕೈ ತಡೆದಳು.

"ಬ್ಯಾಡ್ರಿ. ಸಣ್ಣಾಕಿದ್ದಾಗ ಮೊದಲ ಸಲ ಸಾರಿಸಿದ್ನಿ. ಸೊಟ್ಟ ಆಗೈತಿ, ಮಂದಿ ನೋಡಿದ್ರ ನಗ್ತಾರಂತ ಅವ್ವ ಅದರ ಮುಂದ ಮೇವು ಒಟ್ಟಿಸಿದ್ಲು. ನಾ ಅತ್ತಿದ್ನಿ. ಈಗ ಅದರ ಮುಂದ ತಾನ ಬಂದು ನಿಂತಾಳ. ನಿಂದರ್ಲಿ ಬಿಡ್ರಿ."