ತಿಪ್ಪವ್ವನ ಹೆಸರಿನ ಬ್ಯಾಂಡು

ಜಗಳ ಹಾಡಿನದಾಗಿರಲಿಲ್ಲ, ಬರೀ ಬ್ಯಾಂಡಿನ ಹೆಸರಿನದು. ಶಿಗ್ಗಾಂವದ ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಸುಮಾ ಮತ್ತು ಅವಳ ಮೂವರು ಗೆಳತಿಯರು ನಮ್ಮ ಪಡಸಾಲೆಯಲ್ಲಿ ಗಿಟಾರು ಕೆಳಗಿಟ್ಟು ಮುಖ ತಿರುವಿ ಕುಳಿತಿದ್ದರು. ಅವರು ಹಾಡುವುದು ಬ್ಲೂಸ್ ಅಂತೆ. ನನಗದು ಬೀಸುವಾಗಿನ ಹಾಡಿನಂತೆಯೇ ಕೇಳುತ್ತದೆ, ಕಷ್ಟವನ್ನೇ ತಿರುತಿರುಗಿ ಹೇಳುವುದು. ಅವರು ಚಂದದ ಹೆಸರಿಟ್ಟು ಕಟ್ಟಿದ ಎರಡು ಬ್ಯಾಂಡು ಆಗಲೇ ಮುರಿದಿದ್ದವು. ಒಬ್ಬಳಿಗೆ ನದಿಯ ಹೆಸರೇ ಬೇಕು, ಇನ್ನೊಬ್ಬಳಿಗೆ ಇಂಗ್ಲಿಷೇ ಬೇಕು ಎಂದು ಮೂರನೆಯದೂ ಮುರಿಯುವುದರಲ್ಲಿತ್ತು.

“ಲೇ ಹುಡುಗ್ಯಾರ, ಚಂದದ ಹೆಸರು ಯಾಕ ಹುಡುಕಾಕತ್ತೀರಿ? ನನಗಿಂತ ಮೊದಲ ಹುಟ್ಟಿದ ಎರಡು ಕೂಸು ಉಳೀಲಿಲ್ಲ. ಕೆಟ್ಟ ಹೆಸರಿಟ್ರ ಸಾವು ಹತ್ರ ಬರಂಗಿಲ್ಲ ಅಂತ ನನ್ನ ತಿಪ್ಪಿ ಮ್ಯಾಲ ಉಳ್ಳಾಡಿಸಿ ತಿಪ್ಪವ್ವ ಅಂತ ಕರದ್ರು. ನೋಡ್ರಿ, ಇನ್ನೂ ಗಟ್ಟಿ ಅದೇನಿ!” ಎಂದೆ.

ನಾಲ್ವರೂ ಮುಖ ಮುಖ ನೋಡಿಕೊಂಡರು. “ಆಯೀ, ನಿನ್ನ ಹೆಸರು ನಮಗ ಕೊಡ್ತೀಯೇನ?” ಎಂದಳು ಸುಮಾ.

“ತಗೋರಿ. ಹೊಲಸ ಹಾಡಿದ್ರ ಕಸಗೋತೇನಿ.”

ಶಾಲೆಯಲ್ಲಿ ಆ ಹೆಸರಿಗೆ ಎಲ್ಲರೂ ನಗುತ್ತಿದ್ದರು, ಎರಡನೇ ಇಯತ್ತೆಗೇ ಬಿಟ್ಟು ಬಂದೆ. ಈ ಹುಡುಗಿಯರು ಅದನ್ನೇ ಡ್ರಮ್ಮಿನ ಮೇಲೆ ದೊಡ್ಡದಾಗಿ ಬರೆದರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ಸರಿಯಾಗಿತ್ತು. ಮರುದಿನ ಬೆಳಿಗ್ಗೆ ಮೇವಿನ ಕೋಣೆ ಖಾಲಿ ಮಾಡಿ, ಕಸವನ್ನು ತಿಪ್ಪೆಗೆ ಚೆಲ್ಲಿ ಬಂದು, ಅವರಿಗೆ ಕೂತು ಹಾಡಲು ಚಾಪೆ ಹಾಸಿಟ್ಟೆ.