ಬಂಡಿ ಅನ್ನದ ರಕ್ಕಸ

ಈಗಿನ ಮಕ್ಕಳಿಗೆ ರಕ್ಕಸ ಅಂದರೆ ಪುಸ್ತಕದೊಳಗಿನ ಚಿತ್ರ. ನಾನು ಚಿಕ್ಕವಳಿದ್ದಾಗ ರಕ್ಕಸ ನಮ್ಮ ಮನೆಯಲ್ಲೇ ಇದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳಕ್ಕೆ ಕರೆದೊಯ್ಯುತ್ತಿದ್ದ, ತಲೆಯ ಹೇನು ಹೆಕ್ಕುತ್ತಿದ್ದ. ಅವನು ನನ್ನ ಅಪ್ಪ.

ಹಳಿಯಾಳದಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಊರ ಅಂಚಿಗೆ ನಮ್ಮ ನಾಲ್ಕಾರು ಸಿದ್ದಿ ಮನೆಗಳು; ನಮ್ಮದು ಕಪ್ಪು ಮೈ, ಗುಂಗುರು ಕೂದಲು. ಸುಗ್ಗಿ ಮುಗಿದು ಭತ್ತದ ರಾಶಿ ಎತ್ತಿದ ಮೇಲೆ ಗೌಡರ ಕಣದಲ್ಲಿ ಪ್ರತಿವರ್ಷ ಒಂದೇ ಆಟ. ಆಗ ಎರಡನೇ ಮಹಾಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ರಾತ್ರಿಯ ಆಟ ಹಗಲಿಗೇ ಬಂದಿತ್ತು. ಕಥೆ ನಿಮಗೂ ಗೊತ್ತು. ಊರಿನವರು ಕಾಡಿನ ರಕ್ಕಸನಿಗೆ ಬಂಡಿ ತುಂಬ ಅನ್ನ ಕಳಿಸಬೇಕು. ವೇಷ ಮರೆಸಿಕೊಂಡ ಐವರು ಅಣ್ಣತಮ್ಮಂದಿರಲ್ಲಿ ಎರಡನೆಯವ ಆ ಬಂಡಿ ಹೊಡೆದುಕೊಂಡು ಹೋಗಿ, ಅನ್ನ ತಾನೇ ಉಂಡು, ರಕ್ಕಸನನ್ನು ಕೊಲ್ಲುತ್ತಾನೆ. ಗದೆ ಗೌಡರ ಮಗನ ಕೈಗೆ, ಸಾವು ನನ್ನ ಅಪ್ಪನಿಗೆ. ಅವನಿಗೂ ಮೊದಲು ನನ್ನ ಅಜ್ಜನಿಗೆ.

“ನಿಮ್ಮವ್ರಿಗೆ ಬಣ್ಣಾನೂ ಬ್ಯಾಡ, ಕೂದ್ಲಾನೂ ಬ್ಯಾಡ. ದೇವ್ರs ತಯಾರ ಮಾಡಿ ಕಳಿಸ್ಯಾನ,” ಎಂದು ಊರವರು ನಗುತ್ತಿದ್ದರು. ಹೊಗಳುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. ಅಪ್ಪನೂ ನಗುತ್ತಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಆ ಆಟಕ್ಕೊಂದು ಕಟ್ಟಳೆ ಇತ್ತು. ರಕ್ಕಸನ ವೇಷ ಕಟ್ಟುವವನು ಹಿಂದಿನ ದಿನದಿಂದ ಉಪವಾಸ ಇರಬೇಕು. ಹಸಿವು ಮುಖದಲ್ಲಿ ನಿಜವಾಗಿ ಕಾಣಬೇಕಂತೆ. ಗದೆಯವನಿಗೆ ಅಂಥದ್ದೇನೂ ಇಲ್ಲ, ಅವನು ರೊಟ್ಟಿ ಮೊಸರು ತಿಂದೇ ಬರಬಹುದು. ಬಂಡಿಯ ಅನ್ನ ನಿಜವಾದದ್ದು. ಆಟ ಮುಗಿದ ಮೇಲೆ ಊರೆಲ್ಲ ಅದನ್ನೇ ಉಣ್ಣುವುದು. ಪಂಕ್ತಿ ಏಳುವ ತನಕ ಸತ್ತ ರಕ್ಕಸ ಕಂಬಳಿ ಹೊದ್ದು ಅಲ್ಲೇ ಬಿದ್ದಿರಬೇಕು. ಇನ್ನೊಂದು, ರಕ್ಕಸನಿಗೆ ಮಾತಿಲ್ಲ, ಬರೀ ಅಬ್ಬರ. ಅಪ್ಪನಿಗೆ ಅದು ಕಷ್ಟವೇ ಆಗಿರಲಿಲ್ಲ. ಪೈರು ಬಲಿಯುವ ಕಾಲದಲ್ಲಿ ಅಟ್ಟಣಿಗೆ ಏರಿ ಕೂತು, ಊರ ಗದ್ದೆಗೆ ಬೀಳುವ ಹಂದಿಗಳನ್ನು ಅದೇ ದನಿಯಲ್ಲಿ ಓಡಿಸುತ್ತಿದ್ದ. ಕಾವಲಿನ ಕೂಲಿಗೆಂದು ರಾಶಿಯ ಹೊತ್ತಿಗೆ ಅವನಿಗೆ ಭತ್ತ ಅಳೆಯುತ್ತಿದ್ದರು.

ಆ ವರ್ಷ ಆಟಕ್ಕೆ ಕೆಲವು ದಿನ ಮುಂಚೆ ಅಪ್ಪನ ತಾಯಿ, ನಮ್ಮ ಆಯಿ, ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದಳು. ರಕ್ಕಸ ಯಾಕೆ ಅಷ್ಟು ಕೆಟ್ಟವನು ಎಂದು ಕೇಳಿದೆ. ಆಯಿ ಮೊರ ಕೆಳಗಿಟ್ಟಳು.

“ಆ ಊರಿನ ರಾಜಾ ಕೈಲಾಗದಾಂವ. ಹೊರಗಿನ ವೈರಿ ಬಂದ್ರ ಊರ ಕಾಯಾಂವ ಯಾರು? ಅಡವ್ಯಾಗಿನ ರಕ್ಕಸs ಕಾದ. ಬಂಡಿ ಅನ್ನ ಅವನ ಕೂಲಿ.”

“ಮನಶ್ಯಾರ್ನೂ ತಿಂತಿದ್ನಂತಲ್ಲ ಆಯಿ?”

“ಹಂಗಂತ ಹೇಳಿದಾವ್ರು ಯಾರು? ಅವನ್ನ ಕೊಂದಾವ್ರು.”

ನನಗೆ ಆ ಹೊತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಗಜಗ ಆಡಲು ಕರೆದರೂ ಹೋಗಲಿಲ್ಲ. ಇಷ್ಟು ವರ್ಷ ಸತ್ತು ಬಿದ್ದದ್ದು ಸಾಕು, ಈ ಸಲ ಅಪ್ಪ ಮಾತಾಡಬೇಕು ಎಂದು ಹಟ ಹಿಡಿದೆ.

“ರಕ್ಕಸ ಮಾತಾಡಿದ್ರ ಆಟ ಕೆಡತೈತಿ ಮಗಳ,” ಎಂದ ಅಪ್ಪ.

“ಕೆಡ್ಲಿ.”

ಅಪ್ಪ ನಕ್ಕುಬಿಟ್ಟ. ಆದರೆ ಮರುದಿನ ಕಟ್ಟಿಗೆ ಸೀಳುತ್ತ ತಾನಾಗಿಯೇ ಕೇಳಿದ, “ಏನಂತ ಹೇಳ್ಬೇಕ?” ಆಯಿಯೂ ನಾನೂ ಕೂಡಿ ಮಾತು ಕಟ್ಟಿದೆವು: “ಊರವ್ರs, ನಿಮ್ಮನ್ನ ಕಾದಾಂವ ನಾ. ಇದು ನನ್ನ ಕೂಲಿ ಅನ್ನ. ಕೂಲಿ ಕೇಳಿದಾಂವ ಹೆಂಗ ರಕ್ಕಸ ಆದ?” ಅಪ್ಪ ಅದನ್ನು ದನ ಹೊಡೆಯುವಾಗ, ನೀರು ಸೇದುವಾಗ ಹೇಳಿಕೊಂಡ. ಹೇಳಿದಷ್ಟೂ ಅವನ ದನಿ ಗಟ್ಟಿಯಾಯಿತು. “ಗೌಡ್ರು ಸಿಟ್ಟಾದ್ರ ಕಾವಲಿನ ಕೆಲ್ಸ ಹೋದೀತು,” ಎಂದು ಒಮ್ಮೆ ಅಳುಕಿದ. ಆಮೇಲೆ, “ಹೋದ್ರ ಹೋಗ್ಲಿ, ಹೇಳೇ ಬಿಡ್ತೇನಿ,” ಎಂದ. ಆಟದ ಬೆಳಿಗ್ಗೆಯೂ ಆಯಿ ಒಂದು ಸಲ ಹೇಳಿಸಿದಳು, ಒಂದಕ್ಷರ ತಪ್ಪಲಿಲ್ಲ.

ಮಧ್ಯಾಹ್ನ ಕಣದ ತುಂಬ ಜನ. ಹೊಸ ಅಕ್ಕಿಯ ಅನ್ನದ ಹಬೆ, ಬದನೆಕಾಯಿ ಪಲ್ಯದ ಒಗ್ಗರಣೆ ಘಮ. ಗೌಡರ ಮಗ ಬಂಡಿಯ ಮೇಲೆ ಕೂತು, ಮುಟಗಿ ಮುಟಗಿ ಅನ್ನ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಹುಲ್ಲಿನ ಬಣವೆಯ ಹಿಂದಿನಿಂದ ಅಪ್ಪ ಬಂದ. ಬಂಡಿಯ ಮುಂದೆ ಬಂದು ನಿಂತುಬಿಟ್ಟ. ಅವನ ಕಣ್ಣು ಅನ್ನದ ಮೇಲಿತ್ತು. ತುಟಿ ತೆರೆಯಿತು. ನಾನು ಎಲ್ಲರಿಗಿಂತ ಮುಂದೆ ಕೂತು “ಊರವ್ರs, ಊರವ್ರs” ಎಂದು ಪಿಸುಗುಟ್ಟುತ್ತಿದ್ದೆ.

ಬಂದದ್ದು ಅಬ್ಬರ.

ಅಂಥ ಅಬ್ಬರ ಯಾವ ವರ್ಷವೂ ಕೇಳಿರಲಿಲ್ಲ. ಬಣವೆಯ ಮೇಲಿನ ಗುಬ್ಬಿಗಳೆಲ್ಲ ಎದ್ದು ಹಾರಿದವು. ಜನ ಸಿಳ್ಳೆ ಹೊಡೆದರು. “ಮಾತಾಡು ಅಪ್ಪಾ! ಮಾತಾಡು!” ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ, ಹಲಗೆ ಬಾರಿಸುವ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಗದೆ ಎದ್ದಿತು, ಅಪ್ಪ ಬಿದ್ದ. ಯಾರೋ ಕಂಬಳಿ ಹೊದಿಸಿದರು. ಎಲೆ ಹಾಕಿದರು.

ನಾನು ಪಂಕ್ತಿಗೆ ಹೋಗಲಿಲ್ಲ. ಕಂಬಳಿಯ ಪಕ್ಕಕ್ಕೆ ಕೂತೆ. ಒಳಗಿನಿಂದ ಸತ್ತವನ ದನಿ ಮೆಲ್ಲಗೆ ಬಂತು.

“ಹೋಗು ಮಗಳ, ಉಣ್ಣು. ಆರಿ ಹೋಗತೈತಿ.”

“ಯಾಕ ಹೇಳ್ಲಿಲ್ಲ ನೀ? ಗೌಡ್ರಿಗೆ ಅಂಜಿದಿ?”

“ಅಂಜ್ಲಿಲ್ಲವಾ. ನಿನ್ನೆಯಿಂದ ಹೊಟ್ಟ್ಯಾಗ ಏನೂ ಇಲ್ಲ. ಅನ್ನ ಕಂಡ ಕೂಡ್ಲೇ ಒಂದ್ ಮಾತೂ ನೆನಪಾಗ್ಲಿಲ್ಲ. ಬಾಯಿ ತಗದೆ, ಅದs ಬಂತು.”

ಎದುರಿಗೆ ಜನ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. “ಬರೂ ವರ್ಷ ಕದ್ದು ಉಂಡು ಹೋಗು,” ಎಂದೆ. ಕಂಬಳಿ ಅಲುಗಿತು, ಅಪ್ಪ ನಗುತ್ತಿದ್ದನೇನೋ.

ಬರುವ ವರ್ಷ ಬರಲೇ ಇಲ್ಲ. ಸರ್ಕಾರ ಭತ್ತಕ್ಕೆ ಲೆವಿ ಹಾಕಿ ರಾಶಿಯ ಪಾಲನ್ನು ಕಡ್ಡಾಯವಾಗಿ ಅಳೆಸಿಕೊಂಡಿತು, ಬಂಡಿ ತುಂಬ ಅನ್ನ ಬೇಯಿಸುವ ಮಾತೇ ಉಳಿಯಲಿಲ್ಲ. ನಿಂತ ಆಟ ಮತ್ತೆ ಶುರುವಾಗಲಿಲ್ಲ. ಆಯಿ ಹೋದಳು, ಅಪ್ಪ ಹೋದ, ಕಣ ಇದ್ದಲ್ಲಿ ಯಾರದೋ ಮನೆ ಎದ್ದಿತು.

ನನ್ನ ವಯಸ್ಸಿನವರು ಹಳಿಯಾಳದ ಸಂತೆಯಲ್ಲಿ ಸಿಕ್ಕರೆ ಈಗಲೂ ಕೈ ಹಿಡಿದು ನಿಲ್ಲಿಸುತ್ತಾರೆ. “ಎಂಥಾ ಆಟ ಇತ್ತವಾ! ನಿಮ್ಮಪ್ಪನಂಥಾ ರಕ್ಕಸ ಮತ್ತ ಹುಟ್ಟಲಿಲ್ಲ ನೋಡು. ಏನ್ ದನಿ!” ಎಂದು ಮರುಗುತ್ತಾರೆ. ಆಟ ಹೋಯಿತೆಂದು ನಾನೂ ಮರುಗುತ್ತೇನೆ. ಅವರು ಉಂಡ ಊಟ ನೆನೆದು ಮರುಗುತ್ತಾರೆ. ನಾನು ಮರುಗುವುದು, ಅಪ್ಪ ಹೊಟ್ಟೆ ತುಂಬ ಉಂಡು ಬಂದು ಆ ಮೂರು ಮಾತು ಆಡಬಹುದಾಗಿದ್ದ ಜಾಗ ಅದೊಂದೇ ಆಗಿತ್ತಲ್ಲ ಎಂದು.