ಬಸ್ಸಿನಲ್ಲಿ ಇಲಿಯ ಪಾಠ

ನಮ್ಮ ಜೀವಶಾಸ್ತ್ರದ ಟೀಚರು ಹೊಸದೇನಾದರೂ ಓದಿದರೆ "ಎಂತಾ ಚೆಂದ ನೋಡು!" ಎನ್ನುತ್ತಲೇ ಎದುರಾಗುತ್ತಿದ್ದರು. ಅವತ್ತು ಹೊನ್ನಾವರದಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಸೀಟಿನ ಕಂಬಿ ತಟ್ಟುತ್ತ ಜೋರಾಗಿಯೇ ಶುರುಮಾಡಿದರು.

"ಎಂತಾ ಚೆಂದ ನೋಡು! ಗಂಡಿಲಿಯ ವೀರ್ಯಾಣುವಿನ ಪ್ರೋಟೀನು ಹೆಣ್ಣಿಲಿಯ ರೋಗ ತಡೆದು ಮೈಕಾಯುವ ಕಣಗಳಿಗೆ ಸುದ್ದಿ ಮುಟ್ಟಿಸ್ತದೆ. ಹುಟ್ಟೋ ಮರಿ ಹೊರಗಿಂದಲ್ಲ, ಹೊಡೀಬೇಡಿ ಅಂತ!"

ಬಸ್ಸಿನವರೆಲ್ಲ ನಮ್ಮ ಕಡೆ ತಿರುಗಿ ನೋಡಿದರು. ನಾನು ನಾಚಿ ತಲೆ ತಗ್ಗಿಸಿದೆ. ಮುಂದಿನ ಸೀಟಿನಲ್ಲಿ ಬಸಳೆ ಕಟ್ಟು ಹಿಡಿದು ಕೂತಿದ್ದ ಹೆಂಗಸು ಮೆಲ್ಲಗೆ ತಿರುಗಿದಳು.

"ಅಮಾ, ನನ್ನ ಮಗಳಿಗೆ ಬಸುರು ನಿಲ್ಲೂದಿಲ್ಲ. ಎಲ್ಲರೂ ಅವಳಿಗೇ ಬೈತ್ರು. ಗಂಡನ ಕಡೆಯಿಂದ್ಲೂ ಎಂತಾದ್ರೂ ಇರೂದ?"

ಟೀಚರ ಕಣ್ಣು ಅರಳಿತು. ಎದ್ದುಹೋಗಿ ಅವಳ ಪಕ್ಕದಲ್ಲೇ ಕೂತರು. "ಇದು ಇಲಿಯಲ್ಲಿ ಕಂಡದ್ದಮ್ಮ. ಆದ್ರೆ ಮನುಷ್ಯರಲ್ಲೂ ಇಬ್ಬರನ್ನೂ ಪರೀಕ್ಷೆ ಮಾಡಿಸ್ಬೇಕು. ಅವಳೊಬ್ಬಳಿಗೇ ಬೈಯೂದು ಸರಿಯಲ್ಲ."

ಹೆಂಗಸು ಅಲ್ಲೇ ಮಗಳಿಗೆ ಫೋನು ಹಚ್ಚಿದಳು. ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: "ಅಳಬೇಡ ಮಗಾ, ಗಂಡನ್ನೂ ಕರ್ಕಂಡು ಡಾಕ್ಟ್ರ ಹತ್ರ ಹೋಗು!"